ಹತ್ತು ಮಿಲಿಮೀಟರಿನ ಗೆರೆ

ನಿಮ್ಮ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತೆಗೆದುಕೊಳ್ಳಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸೊನ್ನೆಯಿಂದ 10 ಮಿಲಿಮೀಟರಿನವರೆಗೆ ಒಂದು ಗೆರೆ ಎಳೆಯಿರಿ. ಸರಿಯಾಗಿ ಒಂದು ಸೆಂಟಿಮೀಟರ್, ಅಷ್ಟೇ. ಕಿರುಬೆರಳು ಇಟ್ಟರೆ ಮುಚ್ಚಿಹೋಗುತ್ತದೆ.

ಪಿಟ್ಯುಟರಿ ಎಂಬ ಗ್ರಂಥಿಯಲ್ಲಿ ಒಮ್ಮೊಮ್ಮೆ ಗೆಡ್ಡೆ ಬೆಳೆಯುವುದುಂಟು. ಆ ಗೆಡ್ಡೆಗಳನ್ನು ವೈದ್ಯರು ಎರಡು ಗುಂಪು ಮಾಡುವುದು ಈ ಗೆರೆಯನ್ನು ಇಟ್ಟುಕೊಂಡೇ. ಗೆಡ್ಡೆ ಇದಕ್ಕಿಂತ ಚಿಕ್ಕದಿದ್ದರೆ ಮೈಕ್ರೋಅಡಿನೋಮಾ. ಇಷ್ಟೇ ಇದ್ದರೆ ಅಥವಾ ಇದನ್ನು ಮೀರಿದರೆ ಮ್ಯಾಕ್ರೋಅಡಿನೋಮಾ. 40 ಮಿಲಿಮೀಟರನ್ನೂ ದಾಟಿದರೆ ದೈತ್ಯ ಗೆಡ್ಡೆ ಎನ್ನುತ್ತಾರೆ. ಗೆಡ್ಡೆ ಎಂದ ಕೂಡಲೇ ಹೆದರಬೇಡಿ. ಇವು ಹೆಚ್ಚುಕಡಿಮೆ ಎಲ್ಲವೂ ಕ್ಯಾನ್ಸರ್ ಅಲ್ಲದ ಗೆಡ್ಡೆಗಳು. ಇದ್ದ ಜಾಗದಲ್ಲೇ ನಿಧಾನವಾಗಿ ಬೆಳೆಯುತ್ತವೆ. ಮೈಯ ಬೇರೆ ಕಡೆಗೆ ಹರಡುವುದು ತೀರ ಅಪರೂಪ. ಮಕ್ಕಳಲ್ಲಿ ಕಾಣಿಸಿಕೊಳ್ಳುವುದೂ ಅಪರೂಪವೇ.

ಅಳತೆ ಗೊತ್ತಾದ ಮೇಲೆ ಚಿಕಿತ್ಸೆಯೂ ಗೊತ್ತಾದ ಹಾಗೆಯೇ ಅಲ್ಲವೇ? ಚಿಕ್ಕದಕ್ಕೆ ಮಾತ್ರೆ, ದೊಡ್ಡದಕ್ಕೆ ಆಪರೇಷನ್. ಕೇಳಿದವರೆಲ್ಲ ಮೊದಲು ಹೀಗೇ ಅಂದುಕೊಳ್ಳುತ್ತಾರೆ. ಆದರೆ ನಾಲ್ಕು ಸೆಂಟಿಮೀಟರಿನ ಗೆಡ್ಡೆಯೊಂದು ವಾರಕ್ಕೆರಡು ಸಲ ನುಂಗುವ ಮಾತ್ರೆಗೇ ಕುಗ್ಗಿಬಿಡಬಹುದು. ಸ್ಕ್ಯಾನಿನಲ್ಲಿ ಕಣ್ಣಿಗೇ ಬೀಳದ ಇನ್ನೊಂದು ಗೆಡ್ಡೆಗೆ ಆಪರೇಷನ್ನೇ ಬೇಕಾಗಬಹುದು. ಏಕೆಂದರೆ ‘ಎಷ್ಟು ದೊಡ್ಡದು?’ ಎಂಬುದರ ಜೊತೆಗೆ ವೈದ್ಯರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ‘ಇದು ಏನನ್ನು ತಯಾರಿಸುತ್ತಿದೆ?’ ಎರಡು ಉತ್ತರಗಳೂ ಅಕ್ಕಪಕ್ಕ ಸಿಕ್ಕ ಮೇಲೆಯೇ ಮುಂದಿನ ದಾರಿ ಕಾಣುವುದು.

ಮೊದಲು ಗ್ರಂಥಿ ಎಲ್ಲಿದೆ ನೋಡೋಣ. ಎರಡು ಕಣ್ಣುಗಳ ನಡುವೆ, ಮೂಗಿನ ಬುಡದ ಮೇಲೆ ಬೆರಳಿಡಿ. ಅಲ್ಲಿಂದ ನೇರ ಹಿಂದಕ್ಕೆ, ತಲೆಯ ನಡುಮಧ್ಯಕ್ಕೆ ಹೋದರೆ ಮಿದುಳಿನ ಅಡಿಯಲ್ಲಿ ಎಲುಬಿನ ಒಂದು ಪುಟ್ಟ ಗುಳಿ ಸಿಗುತ್ತದೆ. ಪಿಟ್ಯುಟರಿ ಇರುವುದು ಅದರೊಳಗೆ. ತೂಕ ಸುಮಾರು ಅರ್ಧ ಗ್ರಾಂ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಿಂದ ತೆಳುವಾದ ಒಂದು ತೊಟ್ಟು ಕೆಳಗಿಳಿದು ಬಂದು ಅದಕ್ಕೆ ಸೇರಿಕೊಂಡಿದೆ. ಸ್ವಲ್ಪ ಮೇಲೆ ಎರಡೂ ಕಣ್ಣುಗಳಿಂದ ಬಂದ ನರಗಳು ಒಂದನ್ನೊಂದು ಸಂಧಿಸುತ್ತವೆ. ಕೆಳಗೆ, ತೆಳುವಾದ ಎಲುಬಿನ ಆಚೆಗೆ, ಗಾಳಿ ತುಂಬಿದ ಒಂದು ಪೊಳ್ಳು ಜಾಗವಿದೆ; ಅದು ಮೂಗಿನ ಹಿಂಭಾಗಕ್ಕೆ ತೆರೆದುಕೊಳ್ಳುತ್ತದೆ. ತೊಟ್ಟು, ಕಣ್ಣಿನ ನರ, ಮೂಗು: ಈ ಮೂರೂ ಮುಂದೆ ಒಂದೊಂದಾಗಿ ಬರುತ್ತವೆ.

ಈ ಅರ್ಧ ಗ್ರಾಂ ಗ್ರಂಥಿಯಲ್ಲಿ ಹಲವು ಬಗೆಯ ಜೀವಕೋಶಗಳಿವೆ. ಒಂದು ಬಗೆಯವು ಬೆಳವಣಿಗೆಯ ಹಾರ್ಮೋನು ಮಾಡುತ್ತವೆ. ಇನ್ನೊಂದು ಬಗೆಯವು ಪ್ರೊಲ್ಯಾಕ್ಟಿನ್ ಮಾಡುತ್ತವೆ; ಕೂಸು ಹುಟ್ಟಿದ ಮೇಲೆ ತಾಯಿಯ ಎದೆಯಲ್ಲಿ ಹಾಲು ಬರುವುದು ಇದರಿಂದ. ಮತ್ತೊಂದು ಬಗೆಯವು ಎಸಿಟಿಎಚ್ ಎಂಬುದನ್ನು ಮಾಡಿ ಅಡ್ರಿನಲ್ ಗ್ರಂಥಿಗಳಿಗೆ ಕೆಲಸ ಹೇಳುತ್ತವೆ. ಥೈರಾಯ್ಡಿಗೆ ಹೇಳುವವು ಬೇರೆ, ಹುಡುಗ ಹುಡುಗಿಯರು ದೊಡ್ಡವರಾಗುವ ಬದಲಾವಣೆಗಳನ್ನು ನಡೆಸುವವು ಬೇರೆ. ಇವುಗಳಲ್ಲಿ ಯಾವುದೋ ಒಂದೇ ಒಂದು ಕೋಶ ಹದ್ದು ಮೀರಿ ಒಡೆಯುತ್ತಾ ಎರಡು, ನಾಲ್ಕು, ಎಂಟು ಎಂದು ಹೆಚ್ಚುತ್ತಾ ಹೋದರೆ ಗೆಡ್ಡೆಯಾಗುತ್ತದೆ. ಮೊದಲ ಕೋಶ ಮಾಡುತ್ತಿದ್ದ ಹಾರ್ಮೋನನ್ನೇ ಅದರಿಂದ ಹುಟ್ಟಿದ ಕೋಶಗಳೂ ಸಾಮಾನ್ಯವಾಗಿ ಮಾಡುತ್ತವೆ, ಸಾಕು ಎಂದರೂ ನಿಲ್ಲಿಸದೆ. ಕೆಲವು ಗೆಡ್ಡೆಗಳ ಕೋಶಗಳು ಮಾತ್ರ ರಕ್ತಕ್ಕೆ ಏನನ್ನೂ ಹೆಚ್ಚಾಗಿ ಬಿಡುವುದಿಲ್ಲ. ಅವು ಬೆಳೆಯುತ್ತವೆ, ಅಷ್ಟೇ.

ಬೆಳವಣಿಗೆಯ ಹಾರ್ಮೋನು ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಜಗತ್ತಿಗೆಲ್ಲ ತೋರಿಸಿದವನು ರಾಬರ್ಟ್ ವ್ಯಾಡ್ಲೊ. ಅಮೆರಿಕದ ಇಲಿನಾಯ್ ರಾಜ್ಯದ ಆಲ್ಟನ್ ಎಂಬ ಊರಿನಲ್ಲಿ 1918ರಲ್ಲಿ ಹುಟ್ಟಿದ. ಹುಟ್ಟಿದಾಗ ಎಲ್ಲ ಕೂಸುಗಳ ಹಾಗೆಯೇ ಇದ್ದ. ಎಂಟನೆಯ ವಯಸ್ಸಿಗೆ ಆರು ಅಡಿ ದಾಟಿ ಅಪ್ಪನನ್ನೂ ಮೀರಿಸಿದ. 1940ರಲ್ಲಿ ತೀರಿಕೊಂಡಾಗ ಅವನ ಎತ್ತರ 272 ಸೆಂಟಿಮೀಟರ್, ಹೆಚ್ಚುಕಡಿಮೆ ಒಂಬತ್ತು ಅಡಿ. ದಾಖಲೆಯಲ್ಲಿ ಅಷ್ಟು ಎತ್ತರದ ಇನ್ನೊಬ್ಬ ಮನುಷ್ಯ ಇಲ್ಲ. ಸಾಯುವಾಗ ಅವನಿಗೆ ಬರೀ 22 ವರ್ಷ. ನಡೆಯಲು ಆಸರೆಯಾಗಿ ಕಾಲಿಗೆ ಕಟ್ಟಿಕೊಂಡಿದ್ದ ಪಟ್ಟಿ ಉಜ್ಜಿ ಬೊಬ್ಬೆ ಎದ್ದು, ಅದು ಕೀವಾಗಿ ಮೈಗೆಲ್ಲ ನಂಜೇರಿತು. ಪಾದಗಳಲ್ಲಿ ಸ್ಪರ್ಶ ಮಂಕಾಗಿದ್ದರಿಂದ ನೋವೇ ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಅವನ ಪಿಟ್ಯುಟರಿ ಅತಿಯಾಗಿ ಬೆಳೆದಿತ್ತು, ಅದನ್ನು ತಡೆಯುವ ಔಷಧಿ ಆಗ ಎಲ್ಲೂ ಇರಲಿಲ್ಲ. ‘ಅಬ್ಬಾ, ಎಷ್ಟು ಎತ್ತರ!’ ಎಂದು ಜನ ಬಾಯ್ತೆರೆದು ನೋಡುತ್ತಿದ್ದರಲ್ಲ, ಆ ಎತ್ತರವೇ ಅವನಿಗೆ ಕಾಯಿಲೆಯಾಗಿತ್ತು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹಾರ್ಮೋನು ನೇರವಾಗಿ ಎಲುಬನ್ನು ಎಳೆಯುವುದಿಲ್ಲ. ಅದು ರಕ್ತದಲ್ಲಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ವಸ್ತುವನ್ನು ಮಾಡಿ ಹೊರಗೆ ಬಿಡುತ್ತದೆ, ಎಲುಬಿಗೆ ‘ಬೆಳೆ’ ಎಂದು ಹೇಳುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರದು. ನಿಮ್ಮ ತೊಡೆಯೆಲುಬು, ತೋಳಿನ ಎಲುಬುಗಳ ತುದಿಯಲ್ಲಿ ಈಗ ಮೃದ್ವಸ್ಥಿಯ ತೆಳುವಾದ ಪದರಗಳಿವೆ. ಎಲುಬು ಉದ್ದವಾಗುವುದು ಅಲ್ಲಿ. ಹದಿಹರೆಯ ಮುಗಿಯುವ ಹೊತ್ತಿಗೆ ಆ ಪದರಗಳು ಗಟ್ಟಿ ಎಲುಬಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚುವ ಮೊದಲೇ ಹಾರ್ಮೋನು ಅತಿಯಾದರೆ ವ್ಯಾಡ್ಲೊನ ಹಾಗೆ ಎತ್ತರ ಏರುತ್ತಾ ಹೋಗುತ್ತದೆ. ಮುಚ್ಚಿದ ಮೇಲೆ ಅತಿಯಾದರೆ ಎತ್ತರ ಏರುವುದಿಲ್ಲ. ಕೈ, ಪಾದ, ದವಡೆ, ಮೂಗು ದಪ್ಪವಾಗುತ್ತವೆ. ಮದುವೆಯಲ್ಲಿ ಹಾಕಿಸಿಕೊಂಡ ಉಂಗುರ ಬೆರಳಿನಿಂದ ಬರುವುದೇ ಇಲ್ಲ. ಚಪ್ಪಲಿಯ ನಂಬರು ವರ್ಷ ವರ್ಷ ಹೆಚ್ಚುತ್ತದೆ. ಇದಕ್ಕೆ ಆಕ್ರೊಮೆಗಲಿ ಎಂದು 1886ರಲ್ಲಿ ಹೆಸರಿಟ್ಟವರು ಫ್ರಾನ್ಸಿನ ವೈದ್ಯ ಪಿಯರ್ ಮರೀ. ಬದಲಾವಣೆ ಎಷ್ಟು ನಿಧಾನ ಎಂದರೆ ದಿನಾ ನೋಡುವ ಮನೆಯವರ ಗಮನಕ್ಕೇ ಬರುವುದಿಲ್ಲ. ಹಾಗಾಗಿ ಗೊತ್ತಾಗುವ ಹೊತ್ತಿಗೆ ಎಷ್ಟೋ ವರ್ಷ ಕಳೆದು, ಗೆಡ್ಡೆ ನಮ್ಮ ಗೆರೆಯನ್ನು ದಾಟಿರುವುದೇ ಹೆಚ್ಚು.

ಇದನ್ನು ಪತ್ತೆ ಮಾಡುವ ಒಂದು ಪರೀಕ್ಷೆ ತುಂಬ ಸರಳ. 75 ಗ್ರಾಂ ಗ್ಲೂಕೋಸ್ ಕದಡಿದ ನೀರು ಕುಡಿಸಿ, ಎರಡು ಗಂಟೆಯ ತನಕ ನಡುನಡುವೆ ರಕ್ತ ತೆಗೆದು ನೋಡುತ್ತಾರೆ. ಸಕ್ಕರೆ ಏರಿದಾಗ ಆರೋಗ್ಯವಂತರಲ್ಲಿ ಬೆಳವಣಿಗೆಯ ಹಾರ್ಮೋನು ಥಟ್ಟನೆ ಇಳಿಯುತ್ತದೆ. ಗೆಡ್ಡೆಯ ಕೋಶಗಳು ಈ ಸೂಚನೆಗೆ ಬಗ್ಗುವುದಿಲ್ಲ, ಹಾರ್ಮೋನು ಇಳಿಯುವುದಿಲ್ಲ.

ಇಲ್ಲಿ ಗೆಡ್ಡೆ ದೊಡ್ಡದಾದಷ್ಟೂ ಹಾರ್ಮೋನು ಹೆಚ್ಚು ಎಂಬ ಮಾತು ಸ್ಥೂಲವಾಗಿ ನಿಜ, ಆದರೆ ಪೂರ್ತಿ ನಿಜವಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಗೆಡ್ಡೆಗಳ ಕೋಶಗಳಲ್ಲಿ ಹಾರ್ಮೋನಿನ ಕಣಗಳು ಕಿಕ್ಕಿರಿದಿರುತ್ತವೆ, ಕೆಲವದರಲ್ಲಿ ಅಲ್ಲೊಂದು ಇಲ್ಲೊಂದು. ಈ ವಿರಳ ಕಣಗಳ ಗೆಡ್ಡೆಗಳೇ ಹೆಚ್ಚಾಗಿ ದೊಡ್ಡದಾಗಿ ಬೆಳೆಯುವುದು, ಔಷಧಿಗೆ ಅಷ್ಟಾಗಿ ಬಗ್ಗದಿರುವುದು. ಚಿಕಿತ್ಸೆಗೆ ಮೊದಲ ಆಯ್ಕೆ ಆಪರೇಷನ್. ಅಲ್ಲಿ ಅಳತೆ ತನ್ನ ಮಾತು ನಡೆಸಿಯೇ ನಡೆಸುತ್ತದೆ. ಪಳಗಿದ ಕೈಯಾದರೆ, ಚಿಕ್ಕ ಗೆಡ್ಡೆಯಿದ್ದ ಹತ್ತು ಜನರಲ್ಲಿ ಎಂಟು ಮಂದಿಯಾದರೂ ಪೂರ್ತಿ ಗುಣವಾಗುತ್ತಾರೆ. ದೊಡ್ಡದಿದ್ದರೆ ಸುಮಾರು ಅರ್ಧದಷ್ಟು ಮಂದಿ. ಉಳಿದವರಿಗೆ ತಿಂಗಳಿಗೊಂದು ಆಕ್ಟ್ರಿಯೊಟೈಡ್ ಇಂಜೆಕ್ಷನ್, ಇಲ್ಲವೇ ಬೇರೆ ಔಷಧಿ, ಕೆಲವೊಮ್ಮೆ ವಿಕಿರಣ ಚಿಕಿತ್ಸೆ.

ಇನ್ನು ಪ್ರೊಲ್ಯಾಕ್ಟಿನ್. ಹಾರ್ಮೋನು ಮಾಡುವ ಪಿಟ್ಯುಟರಿ ಗೆಡ್ಡೆಗಳಲ್ಲಿ ಅತಿ ಸಾಮಾನ್ಯವಾದವು ಇವೇ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗವೂ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಿಟ್ಯುಟರಿಯ ಉಳಿದ ಹಾರ್ಮೋನುಗಳಿಗೆ ಹೈಪೊಥಲಾಮಸ್ ‘ಮಾಡು, ಮಾಡು’ ಎಂದು ಹೇಳಿ ಕಳಿಸುತ್ತದೆ. ಪ್ರೊಲ್ಯಾಕ್ಟಿನ್ನಿಗೆ ಮಾತ್ರ ‘ಬೇಡ, ಬೇಡ’ ಎನ್ನುತ್ತಲೇ ಇರುತ್ತದೆ. ಹೀಗೆ ತಡೆಯುವ ವಸ್ತುವಿನ ಹೆಸರು ಡೋಪಮೀನ್. ಅದು ತೊಟ್ಟಿನ ಮೂಲಕ ಸದಾ ಇಳಿದು ಬರುತ್ತಿರುತ್ತದೆ. ಆದ್ದರಿಂದ ಸಾಮಾನ್ಯ ದಿನಗಳಲ್ಲಿ ರಕ್ತದ ಒಂದು ಮಿಲಿಲೀಟರಿನಲ್ಲಿ 25 ನ್ಯಾನೋಗ್ರಾಮಿಗಿಂತ ಕಡಿಮೆ ಪ್ರೊಲ್ಯಾಕ್ಟಿನ್ ಇರುತ್ತದೆ. ನ್ಯಾನೋಗ್ರಾಂ ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಷ್ಟು ಕಡಿಮೆಯನ್ನೂ ಅಳೆಯುವ ಪರೀಕ್ಷೆಗಳು ನಮ್ಮಲ್ಲಿವೆ ಎಂಬುದೇ ಒಂದು ಬೆರಗು.

ಪ್ರೊಲ್ಯಾಕ್ಟಿನ್ ಮಾಡುವ ಗೆಡ್ಡೆಯಲ್ಲಿ ಅಳತೆಯೂ ಹಾರ್ಮೋನೂ ಜೊತೆಜೊತೆಯಾಗಿ ಏರುತ್ತವೆ. ಹತ್ತು ಮಿಲಿಮೀಟರಿಗಿಂತ ಚಿಕ್ಕದಾದರೆ ರಕ್ತದಲ್ಲಿ ಸಾಮಾನ್ಯವಾಗಿ 200ರೊಳಗೆ. ದೊಡ್ಡದಾದರೆ 250ಕ್ಕಿಂತ ಮೇಲೆ. ದೈತ್ಯ ಗೆಡ್ಡೆಯಾದರೆ ಸಾವಿರಗಟ್ಟಲೆ, ಹತ್ತಾರು ಸಾವಿರ. ಹೀಗೆ ಹೊಂದಿಕೆಯಾಗುವುದರಿಂದಲೇ, ಹೊಂದದೆ ಇದ್ದಾಗ ವೈದ್ಯರು ಕಿವಿ ನಿಮಿರಿಸುತ್ತಾರೆ.

ಒಬ್ಬರ ತಲೆಯ ಸ್ಕ್ಯಾನಿನಲ್ಲಿ 30 ಮಿಲಿಮೀಟರಿನ ಗೆಡ್ಡೆ ಕಂಡಿದೆ ಅನ್ನಿ. ರಕ್ತ ಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ 3,000 ಬಂದರೆ ಗೊಂದಲವಿಲ್ಲ, ಅದು ಪ್ರೊಲ್ಯಾಕ್ಟಿನ್ ಮಾಡುವ ಗೆಡ್ಡೆ. ಆಪರೇಷನ್ ಸಾಮಾನ್ಯವಾಗಿ ಬೇಡ. ಡೋಪಮೀನಿನ ಕೆಲಸವನ್ನೇ ಮಾಡುವ ಮಾತ್ರೆಗಳಿವೆ. ಹಳೆಯದು ಬ್ರೊಮೊಕ್ರಿಪ್ಟಿನ್, ಈಗ ಹೆಚ್ಚಾಗಿ ಕೊಡುವುದು ಕ್ಯಾಬರ್ಗೊಲಿನ್. ವಾರಕ್ಕೆ ಒಂದೆರಡು ಸಲ ನುಂಗಿದರೆ ಸಾಕು. ಹಾರ್ಮೋನು ಇಳಿಯುತ್ತದೆ, ಗೆಡ್ಡೆಯ ಕೋಶಗಳೂ ಕುಗ್ಗುತ್ತವೆ. ಕಣ್ಣಿನ ನರ ಒತ್ತಿ ದೃಷ್ಟಿ ಮಂಕಾಗಿದ್ದರೆ ಎಷ್ಟೋ ಜನರಿಗೆ ಕೆಲವೇ ವಾರಗಳಲ್ಲಿ, ಕೆಲವರಿಗೆ ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ. ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕು, ಮಧ್ಯೆ ಮಧ್ಯೆ ಸ್ಕ್ಯಾನ್ ಮಾಡಿಸಬೇಕು. ಆದರೂ ಅಷ್ಟು ದೊಡ್ಡ ಗೆಡ್ಡೆಗೆ ಒಂದು ಪುಟ್ಟ ಮಾತ್ರೆ!

ಅದೇ 30 ಮಿಲಿಮೀಟರಿನ ಗೆಡ್ಡೆ, ಆದರೆ ಪ್ರೊಲ್ಯಾಕ್ಟಿನ್ ಬರೀ 60 ಬಂತು ಅನ್ನಿ. ಹೆಚ್ಚಾಗಿದೆ ನಿಜ, ಆದರೆ ಗೆಡ್ಡೆಯ ಗಾತ್ರಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಇಲ್ಲಿ ಏನಾಗಿರಬಹುದು? ತೊಟ್ಟನ್ನು ನೆನಪಿಸಿಕೊಳ್ಳಿ. ಗೆಡ್ಡೆ ಮೇಲಕ್ಕೆ ಬೆಳೆದು ತೊಟ್ಟನ್ನು ಒತ್ತಿದೆ. ಡೋಪಮೀನ್ ಸರಿಯಾಗಿ ಇಳಿದು ಬರುತ್ತಿಲ್ಲ. ಗ್ರಂಥಿಯ ಆರೋಗ್ಯವಂತ ಕೋಶಗಳೇ ತಡೆಯಿಲ್ಲದೆ ಸ್ವಲ್ಪ ಹೆಚ್ಚು ಪ್ರೊಲ್ಯಾಕ್ಟಿನ್ ಬಿಡುತ್ತಿವೆ. ಗೆಡ್ಡೆ ಮಾಡುತ್ತಿರುವುದು ಏನೂ ಇಲ್ಲ. ಇಂಥದಕ್ಕೆ ಮಾತ್ರೆ ಕೊಟ್ಟರೆ ರಕ್ತದ ಸಂಖ್ಯೆ ಇಳಿದು ಎಲ್ಲರಿಗೂ ಸಮಾಧಾನವಾಗುತ್ತದೆ, ಗೆಡ್ಡೆ ಮಾತ್ರ ಕುಗ್ಗುವುದಿಲ್ಲ. ಅದಕ್ಕೆ ಆಪರೇಷನ್ ಬೇಕು. ಒಂದೇ ಗಾತ್ರದ ಎರಡು ಗೆಡ್ಡೆಗಳು, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಆಪರೇಷನ್.

ಕಥೆ ಇಲ್ಲಿಗೆ ಮುಗಿಯಲಿಲ್ಲ. 30 ಮಿಲಿಮೀಟರಿನ ಗೆಡ್ಡೆಗೆ 60 ಎಂಬ ಸಂಖ್ಯೆ ಬರಲು ಇನ್ನೊಂದು ಕಾರಣವೂ ಇರಬಹುದು: ಪ್ರೊಲ್ಯಾಕ್ಟಿನ್ ಲೆಕ್ಕ ಮೀರಿ ಇರುವುದು! ಹೆಚ್ಚಿದ್ದರೆ ಕಡಿಮೆ ತೋರಿಸುವುದು ಹೇಗೆ? ಪರೀಕ್ಷೆ ನಡೆಯುವ ಬಗೆ ತಿಳಿದರೆ ಒಗಟು ಬಿಡುತ್ತದೆ. ಅಲ್ಲಿ ಪ್ರೊಲ್ಯಾಕ್ಟಿನ್ನನ್ನು ಹಿಡಿಯುವ ಎರಡು ಬಗೆಯ ಪ್ರತಿಕಾಯಗಳಿರುತ್ತವೆ. ಒಂದು ಬಗೆಯದು ಒಂದು ಮೇಲ್ಮೈಗೆ ಅಂಟಿಕೊಂಡು ಕುಳಿತಿರುತ್ತದೆ, ಇನ್ನೊಂದಕ್ಕೆ ಹೊಳೆಯುವ ಗುರುತು ಕಟ್ಟಿರುತ್ತಾರೆ. ಎರಡೂ ಒಂದೇ ಪ್ರೊಲ್ಯಾಕ್ಟಿನ್ ಅಣುವನ್ನು ಎರಡು ಕಡೆಯಿಂದ ಹಿಡಿದರೆ ಮಾತ್ರ ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ನಿಮ್ಮ ಶಾಲೆಯ ಮೈದಾನದಲ್ಲಿ ಹೀಗೊಂದು ಆಟ ಆಡಿ ನೋಡಿ. ಕೆಂಪು ಅಂಗಿಯ ಹತ್ತು ಮಕ್ಕಳು ಗೋಡೆಗೆ ಒರಗಿ ನಿಲ್ಲಲಿ. ನೀಲಿ ಅಂಗಿಯ ಹತ್ತು ಮಕ್ಕಳು ಮೈದಾನದಲ್ಲಿ ಓಡಾಡಲಿ. ಒಬ್ಬೊಬ್ಬರು ಒಂದೇ ಕೋಲು ಹಿಡಿಯಬಹುದು, ಹಿಡಿದ ಮೇಲೆ ಬಿಡುವಂತಿಲ್ಲ. ಒಂದು ತುದಿ ಕೆಂಪಿನವರ ಕೈಯಲ್ಲಿ, ಇನ್ನೊಂದು ತುದಿ ನೀಲಿಯವರ ಕೈಯಲ್ಲಿ ಇರುವ ಕೋಲನ್ನಷ್ಟೇ ಮೇಷ್ಟ್ರು ಎಣಿಸುತ್ತಾರೆ. ಮೈದಾನಕ್ಕೆ ಐದು ಕೋಲು ಹಾಕಿದರೆ ಐದೂ ಲೆಕ್ಕಕ್ಕೆ ಸಿಗುತ್ತವೆ. ಸಾವಿರ ಕೋಲು ತಂದು ಸುರಿದರೆ? ಕೆಂಪಿನವರು ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲುತ್ತಾರೆ, ನೀಲಿಯವರು ತಮ್ಮ ಕಾಲ ಬಳಿ ಬಿದ್ದದ್ದನ್ನು ಎತ್ತಿಕೊಳ್ಳುತ್ತಾರೆ. ಒಂದೇ ಕೋಲಿಗೆ ಇಬ್ಬರೂ ಕೈ ಹಾಕುವ ಸಂದರ್ಭವೇ ಬರುವುದಿಲ್ಲ. ಮೇಷ್ಟ್ರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ.

ಪ್ರಯೋಗಾಲಯದಲ್ಲಿ ಆಗುವುದೂ ಇದೇ. ಉಪಾಯ ಮಾತ್ರ ಸುಲಭ. ರಕ್ತದ ದ್ರವವನ್ನು ನೂರು ಪಟ್ಟು ತೆಳುವಾಗಿಸಿ ಮತ್ತೆ ಪರೀಕ್ಷಿಸಿ, ಬಂದ ಸಂಖ್ಯೆಯನ್ನು ನೂರರಿಂದ ಗುಣಿಸುತ್ತಾರೆ. ಆಗ 60 ಇದ್ದದ್ದು 20,000 ಆಗಿ ಎದ್ದು ನಿಲ್ಲಬಹುದು. ಈಗಿನ ಹೊಸ ಯಂತ್ರಗಳಲ್ಲಿ ಈ ತೊಡಕು ಕಡಿಮೆಯಾಗಿದೆ. ಆದರೂ ಗೆಡ್ಡೆ ತುಂಬ ದೊಡ್ಡದಿದ್ದು ಸಂಖ್ಯೆ ಸಣ್ಣದು ಬಂದರೆ ‘ತೆಳುವಾಗಿಸಿ ಇನ್ನೊಮ್ಮೆ ನೋಡಿ’ ಎಂದು ಬರೆದು ಕಳಿಸುವ ವೈದ್ಯರು ಒಂದು ಬೇಡದ ಆಪರೇಷನ್ನನ್ನೇ ತಪ್ಪಿಸಿರುತ್ತಾರೆ.

ಈಗ ಅಳತೆಯ ಇನ್ನೊಂದು ತುದಿಗೆ ಬರೋಣ. ಸ್ಕೇಲಿನಲ್ಲಿ ಮೂರು ಮಿಲಿಮೀಟರ್ ಎಷ್ಟು ಎಂದು ನೋಡಿ. ಎಸಿಟಿಎಚ್ ಮಾಡುವ ಗೆಡ್ಡೆಗಳು ಎಷ್ಟೋ ಸಲ ಇಷ್ಟೇ ಇರುತ್ತವೆ. ಇವುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ನಮ್ಮ ಗೆರೆಯೊಳಗೇ ಉಳಿಯುವಂಥವು. ಆದರೆ ಮೈಯಲ್ಲಿ ಅವು ಎಬ್ಬಿಸುವ ಗಲಭೆ ಅಷ್ಟಿಷ್ಟಲ್ಲ. ಎಸಿಟಿಎಚ್ ಸ್ವಲ್ಪ ಹೆಚ್ಚಾದರೂ ಸರಿ, ದಿನವಿಡೀ ಬಿಡುವಿಲ್ಲದೆ ಬಂದರೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಸುರಿಸುತ್ತಲೇ ಇರುತ್ತವೆ. ಮುಖ ಗುಂಡಗೆ ಊದುತ್ತದೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಪಟ್ಟೆಗಳು ಮೂಡುತ್ತವೆ, ಚರ್ಮ ತೆಳುವಾಗಿ ಸುಮ್ಮನೆ ತಾಗಿದರೂ ಕಂದುಗಟ್ಟುತ್ತದೆ, ರಕ್ತದೊತ್ತಡ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಮಕ್ಕಳಿಗೆ ಬಂದರೆ ಒಂದು ವಿಶೇಷ ಗುರುತಿದೆ: ತೂಕ ಏರುತ್ತಾ ಹೋಗುತ್ತದೆ, ಎತ್ತರ ಮಾತ್ರ ನಿಂತುಬಿಡುತ್ತದೆ. ಚೆನ್ನಾಗಿ ಉಂಡು ದಪ್ಪಗಾಗುವ ಮಕ್ಕಳು ಸಾಮಾನ್ಯವಾಗಿ ಎತ್ತರವೂ ಆಗುತ್ತಿರುತ್ತಾರೆ. ಆದ್ದರಿಂದ ವೈದ್ಯರು ತೂಕದ ಪಕ್ಕದಲ್ಲೇ ಎತ್ತರವನ್ನೂ ಬರೆದಿಡುವುದು ಸುಮ್ಮನೆ ಅಲ್ಲ.

ಈ ಕಾಯಿಲೆಗೆ ಕುಶಿಂಗ್ ಕಾಯಿಲೆ ಎಂದು ಹೆಸರು. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರಲ್ಲೇ ಪಿಟ್ಯುಟರಿಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದವರು. ಈ ಎಲ್ಲ ಲಕ್ಷಣಗಳ ಹಿಂದೆ ಪಿಟ್ಯುಟರಿಯ ಸಣ್ಣ ಗೆಡ್ಡೆ ಇದೆ ಎಂದು ಅವರು ವಿವರವಾಗಿ ವಾದಿಸಿದ್ದು 1932ರಲ್ಲಿ. ಆಗ ಎಂಆರ್‌ಐ ಇರಲಿಲ್ಲ, ಕಾರ್ಟಿಸೋಲ್ ಎಂಬ ಹೆಸರೂ ಇರಲಿಲ್ಲ. ರೋಗಿಗಳನ್ನು ವರ್ಷಗಟ್ಟಲೆ ಕಣ್ಣಿಟ್ಟು ನೋಡಿ, ಬರೆದಿಟ್ಟು, ಹೋಲಿಸಿ ಕಂಡುಕೊಂಡದ್ದು.

ಇಂದಿನ ಎಂಆರ್‌ಐಯಲ್ಲೂ ಈ ಗೆಡ್ಡೆ ಪ್ರತಿಸಲ ಕಾಣುವುದಿಲ್ಲ. ಸ್ಕ್ಯಾನ್ ಮಾಡುವಾಗ ಕೈಯ ರಕ್ತನಾಳಕ್ಕೆ ಒಂದು ಔಷಧಿ ಕೊಡುತ್ತಾರೆ. ಆರೋಗ್ಯವಂತ ಗ್ರಂಥಿ ಅದನ್ನು ಬೇಗ ಹೀರಿಕೊಂಡು ಬೆಳ್ಳಗೆ ಬೆಳಗುತ್ತದೆ, ಗೆಡ್ಡೆ ನಿಧಾನವಾಗಿ ಹೀರುವುದರಿಂದ ಆ ಬೆಳಕಿನಲ್ಲಿ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಎರಡು ಮೂರು ಮಿಲಿಮೀಟರಿನ ಚುಕ್ಕೆ ತಪ್ಪಿಹೋಗಬಹುದು. ಆಗ ಇನ್ನೊಂದು ದಾರಿ ಹಿಡಿಯುತ್ತಾರೆ. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ಕೊಳವೆಗಳನ್ನು ಮೇಲಕ್ಕೆ ಕಳಿಸಿ, ಪಿಟ್ಯುಟರಿಯಿಂದ ಎಡಕ್ಕೂ ಬಲಕ್ಕೂ ಹೊರಬರುವ ರಕ್ತವನ್ನು ಬೇರೆಬೇರೆಯಾಗಿ ತೆಗೆಯುತ್ತಾರೆ. ಅದೇ ಹೊತ್ತಿಗೆ ತೋಳಿನಿಂದಲೂ ರಕ್ತ ತೆಗೆಯುತ್ತಾರೆ. ತಲೆಯ ರಕ್ತದಲ್ಲಿ ಎಸಿಟಿಎಚ್ ತೋಳಿನದಕ್ಕಿಂತ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದರೆ, ಕಣ್ಣಿಗೆ ಕಾಣದಿದ್ದರೂ ಗೆಡ್ಡೆ ಪಿಟ್ಯುಟರಿಯಲ್ಲೇ ಇದೆ ಎಂದು ಅರ್ಥ. ಚಿಕಿತ್ಸೆ? ಆಪರೇಷನ್. ಪ್ರೊಲ್ಯಾಕ್ಟಿನ್ ಗೆಡ್ಡೆಯ ಹಾಗೆ ಮಾತ್ರೆ ನುಂಗಿ ಕುಗ್ಗಿಸೋಣ ಎನ್ನುವಂತಿಲ್ಲ.

ಏನನ್ನೂ ಹೆಚ್ಚಾಗಿ ಬಿಡದ ಗೆಡ್ಡೆಗಳ ಕಷ್ಟ ಬೇರೆ. ಅವು ಚಿಕ್ಕದಿರುವಾಗ ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ತಲೆ ಸ್ಕ್ಯಾನ್ ಮಾಡಿಸಿದ ದೊಡ್ಡವರಲ್ಲಿ ಹತ್ತರಲ್ಲಿ ಒಬ್ಬರಿಗೆ ಪಿಟ್ಯುಟರಿಯಲ್ಲಿ ಇಂಥ ಸಣ್ಣದೊಂದು ಚುಕ್ಕೆ ಕಾಣಬಹುದು. ಬಹುತೇಕ ಮಂದಿಗೆ ಅದರಿಂದ ಏನೂ ಆಗುವುದಿಲ್ಲ. ಹಾರ್ಮೋನುಗಳನ್ನು ಒಮ್ಮೆ ನೋಡಿ, ಸ್ವಲ್ಪ ಕಾಲದ ಮೇಲೆ ಮತ್ತೊಂದು ಸ್ಕ್ಯಾನ್ ಮಾಡಿ, ಬೆಳೆದಿಲ್ಲವೆಂದರೆ ಸುಮ್ಮನಿರುತ್ತಾರೆ. ಬೆಳೆದದ್ದು ಮಾತ್ರ ಗುಳಿಯಿಂದ ಮೇಲೆದ್ದು ಕಣ್ಣಿನ ನರಗಳನ್ನು ಮುಟ್ಟುತ್ತದೆ. ಪಕ್ಕದ ಆರೋಗ್ಯವಂತ ಗ್ರಂಥಿಯನ್ನು ಹಿಂಡಿ ಬೇಕಾದ ಹಾರ್ಮೋನುಗಳನ್ನೂ ಕಡಿಮೆ ಮಾಡುತ್ತದೆ.

ನರಗಳು ಸಂಧಿಸುವ ಆ ಜಾಗದಲ್ಲಿ ಒಂದು ಸೊಗಸಾದ ಏರ್ಪಾಟಿದೆ. ಪ್ರತಿ ಕಣ್ಣಿನ ಒಳಪರದೆಯಲ್ಲಿ ಮೂಗಿನ ಕಡೆಗಿರುವ ಅರ್ಧ ಭಾಗದ ತಂತುಗಳು ಮಾತ್ರ ಅಲ್ಲಿ ಅಡ್ಡದಾಟಿ ಇನ್ನೊಂದು ಬದಿಗೆ ಹೋಗುತ್ತವೆ. ಆ ಅರ್ಧ ಭಾಗ ನೋಡುವುದು ಹೊರಬದಿಯನ್ನು: ಎಡಗಣ್ಣಿನದು ಎಡಪಕ್ಕ, ಬಲಗಣ್ಣಿನದು ಬಲಪಕ್ಕ. ಕೆಳಗಿನಿಂದ ಗೆಡ್ಡೆ ಒತ್ತಿದಾಗ ಮೊದಲು ಪೆಟ್ಟು ತಿನ್ನುವವು ಈ ಅಡ್ಡದಾಟುವ ತಂತುಗಳೇ. ಹಾಗಾಗಿ ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಎರಡೂ ಪಕ್ಕಗಳು ಮಸುಕಾಗುತ್ತವೆ. ಪುಸ್ತಕ ಓದಬಲ್ಲರು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ರಸ್ತೆ ದಾಟುವಾಗ ಪಕ್ಕದಿಂದ ಬಂದ ಸೈಕಲ್ಲು ಕಾಣುವುದಿಲ್ಲ. ಇದನ್ನು ತಿಳಿಯಲು ವೈದ್ಯರು ಎದುರುಬದುರು ಕುಳಿತು, ರೋಗಿಯ ಒಂದು ಕಣ್ಣು ಮುಚ್ಚಿಸಿ, ‘ನನ್ನ ಮೂಗನ್ನೇ ನೋಡಿ’ ಎಂದು ಹೇಳಿ, ಪಕ್ಕದಲ್ಲಿ ಬೆರಳು ಅಲ್ಲಾಡಿಸುತ್ತಾ ಒಳಕ್ಕೆ ತರುತ್ತಾರೆ. ಬೆರಳು ಯಾವಾಗ ಕಂಡಿತು ಎಂದು ಕೇಳುತ್ತಾರೆ. ಗೆಳೆಯರೊಬ್ಬರನ್ನು ಕೂರಿಸಿಕೊಂಡು ನೀವೂ ಮಾಡಿ ನೋಡಬಹುದು. ನಮ್ಮ ದೃಷ್ಟಿ ಪಕ್ಕಕ್ಕೆ ಎಷ್ಟು ದೂರ ಹರಡಿದೆ ಎಂದು ಆಶ್ಚರ್ಯವಾಗುತ್ತದೆ.

ಆಪರೇಷನ್ ಎಂದರೆ ತಲೆಬುರುಡೆ ತೆರೆಯುವುದು ಎಂದು ಮಕ್ಕಳಿಗಿರಲಿ, ದೊಡ್ಡವರಿಗೂ ಭಯ. ಇಲ್ಲಿ ಹೆಚ್ಚಾಗಿ ಹಾಗಿಲ್ಲ. ಮೂಗಿನ ಹಿಂದಿನ ಆ ಪೊಳ್ಳು ಜಾಗ ಇದೆಯಲ್ಲ, ಅದೇ ದಾರಿ. ಹರ್ಮನ್ ಶ್ಲೋಫರ್ ಎಂಬ ವೈದ್ಯರು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ 1907ರಲ್ಲಿ ಮೊದಲ ಬಾರಿಗೆ ಮೂಗಿನ ಮೂಲಕ ಪಿಟ್ಯುಟರಿ ಗೆಡ್ಡೆಯನ್ನು ತಲುಪಿದರು. ಆಗ ಬೆಳಕು ಸಾಲದು, ಒಳಗೆ ಕಾಣುವುದು ಕಡಿಮೆ, ನಂಜನ್ನು ತಡೆಯುವ ಔಷಧಿಯೂ ಇಲ್ಲ. ಕುಶಿಂಗ್ ಅವರೂ ಈ ದಾರಿಯಲ್ಲಿ ಬಹಳ ಆಪರೇಷನ್ ಮಾಡಿ ಆಮೇಲೆ ಕೈಬಿಟ್ಟರು. ಎಲ್ಲರೂ ಮರೆಯುತ್ತಿದ್ದ ಈ ವಿದ್ಯೆಯನ್ನು ಎಡಿನ್‌ಬರೋದ ನಾರ್ಮನ್ ಡಾಟ್ ಉಳಿಸಿಕೊಂಡರು. ಅವರಿಂದ ಪ್ಯಾರಿಸ್ಸಿನ ಜೆರಾರ್ಡ್ ಗಿಯೊ ಕಲಿತರು, ಗಿಯೊ ಅವರಿಂದ ಕೆನಡಾದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ. 1960ರ ದಶಕದಲ್ಲಿ ಹಾರ್ಡಿ ಈ ಆಪರೇಷನ್ನಿಗೆ ಸೂಕ್ಷ್ಮದರ್ಶಕ ತಂದರು. ಕೆಲವೇ ಮಿಲಿಮೀಟರಿನ ಗೆಡ್ಡೆಯನ್ನು ಮಾತ್ರ ಬಿಡಿಸಿ ತೆಗೆದು, ಸುತ್ತಲಿನ ಒಳ್ಳೆಯ ಗ್ರಂಥಿಯನ್ನು ಹಾಗೆಯೇ ಉಳಿಸುವುದು ಆಗ ಸಾಧ್ಯವಾಯಿತು. ಹತ್ತು ಮಿಲಿಮೀಟರಿನ ಒಳಗಿನವು, ಹೊರಗಿನವು ಎಂಬ ವಿಂಗಡಣೆ ಬಳಕೆಗೆ ಬಂದದ್ದೂ ಅವರಿಂದಲೇ. ಈಗ ಎಂಡೋಸ್ಕೋಪ್ ಬಂದಿದೆ. ತುದಿಯಲ್ಲಿ ಬೆಳಕೂ ಕ್ಯಾಮೆರಾವೂ ಇರುವ ಸಣ್ಣ ಕೊಳವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲೂ ಇದು ನಡೆಯುತ್ತದೆ. ಹೊರಗಡೆ ಒಂದು ಗಾಯದ ಗುರುತೂ ಉಳಿಯುವುದಿಲ್ಲ.

ಕೊನೆಯದಾಗಿ ಐರ್ಲೆಂಡಿನ ಒಬ್ಬ ಯುವಕನ ಬಗ್ಗೆ ಹೇಳಬೇಕು. ಚಾರ್ಲ್ಸ್ ಬರ್ನ್ 1761ರಲ್ಲಿ ಹುಟ್ಟಿದವನು. ಸುಮಾರು 231 ಸೆಂಟಿಮೀಟರ್ ಎತ್ತರ. ಲಂಡನ್ನಿಗೆ ಬಂದು ಜನರಿಗೆ ತನ್ನನ್ನು ತೋರಿಸಿಕೊಂಡು ಬದುಕಿದ. ಸತ್ತ ಮೇಲೆ ವೈದ್ಯರು ತನ್ನ ಮೈಯನ್ನು ಕೊಯ್ಯಬಾರದು, ಸಮುದ್ರಕ್ಕೆ ಹಾಕಿಬಿಡಿ ಎಂದು ಗೆಳೆಯರನ್ನು ಬೇಡಿಕೊಂಡಿದ್ದ. 1783ರಲ್ಲಿ, ಅವನೂ 22ನೇ ವಯಸ್ಸಿನಲ್ಲಿ ಸತ್ತ. ಅವನ ಮಾತು ನಡೆಯಲಿಲ್ಲ. ಜಾನ್ ಹಂಟರ್ ಎಂಬ ಹೆಸರಾಂತ ವೈದ್ಯರು ಹಣ ಕೊಟ್ಟು ಹೆಣವನ್ನು ಪಡೆದುಕೊಂಡರು. ಅಸ್ಥಿಪಂಜರ ಲಂಡನ್ನಿನ ಹಂಟೇರಿಯನ್ ಸಂಗ್ರಹಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ನಿಂತಿತು. ಅದನ್ನು ಇನ್ನು ಜನರ ಮುಂದೆ ಇಡುವುದಿಲ್ಲ ಎಂದು ಸಂಗ್ರಹಾಲಯ 2023ರಲ್ಲಿ ತೀರ್ಮಾನಿಸಿತು. ಇಷ್ಟು ತಡವಾಗಿಯಾದರೂ ಸರಿಯಾದದ್ದನ್ನೇ ಮಾಡಿದರು ಎಂದು ನನಗೆ ಅನಿಸುತ್ತದೆ.

1909ರಲ್ಲಿ ಕುಶಿಂಗ್ ಲಂಡನ್ನಿಗೆ ಬಂದಾಗ ಸಂಗ್ರಹಾಲಯದ ಆರ್ಥರ್ ಕೀತ್ ಅವರ ಜೊತೆ ಸೇರಿ ಬರ್ನ್‌ನ ತಲೆಬುರುಡೆ ತೆರೆದು ನೋಡಿದರು. ಒಳಗಿನ ಮೆತ್ತಗಿನ ಭಾಗವೆಲ್ಲ ಎಂದೋ ಹೋಗಿತ್ತು. ಪಿಟ್ಯುಟರಿ ಇದ್ದ ಎಲುಬಿನ ಗುಳಿ ಮಾತ್ರ ಹಾಗೆಯೇ ಇತ್ತು, ಇರಬೇಕಾದುದಕ್ಕಿಂತ ಬಹಳ ಅಗಲವಾಗಿ. ಒಳಗೆ ಬೆಳೆದ ಗೆಡ್ಡೆ ಎಲುಬನ್ನೇ ಸವೆಸಿ ಹಿಗ್ಗಿಸಿತ್ತು. ಸತ್ತು 126 ವರ್ಷಗಳಾದ ಮೇಲೂ ಗೆಡ್ಡೆಯ ಅಳತೆ ಎಲುಬಿನಲ್ಲಿ ಉಳಿದಿತ್ತು.

ಅವನ ಹಲ್ಲುಗಳಲ್ಲಿ ಇನ್ನೊಂದು ಸುಳಿವು ಉಳಿದಿತ್ತು. ಲಂಡನ್ನಿನ ವೈದ್ಯವಿಜ್ಞಾನಿ ಮಾರ್ತಾ ಕೊರ್ಬೊನಿಟ್ಸ್ ಮತ್ತು ಅವರ ಸಂಗಡಿಗರು ಹಲ್ಲಿನಿಂದ ಡಿಎನ್‌ಎ ತೆಗೆದು ಪರೀಕ್ಷಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಐಪಿ ಎಂಬ ಜೀನಿನಲ್ಲಿ ಒಂದು ಬದಲಾವಣೆ ಇತ್ತು. ಅದೇ ಬದಲಾವಣೆ ಇಂದಿನ ಉತ್ತರ ಐರ್ಲೆಂಡಿನ ನಾಲ್ಕು ಕುಟುಂಬಗಳಲ್ಲೂ ಸಿಕ್ಕಿತು. ಅವರೆಲ್ಲರಿಗೂ ಬರ್ನ್‌ಗೂ ಬಹಳ ಹಿಂದೆ ಒಬ್ಬರೇ ಮೂಲಪುರುಷರು ಇದ್ದಿರಬೇಕು. ಈ ಬದಲಾವಣೆ ಇದ್ದವರಿಗೆಲ್ಲ ಗೆಡ್ಡೆ ಬರುವುದಿಲ್ಲ. ಬಂದರೆ ಮಾತ್ರ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ, ಬೇಗ ದೊಡ್ಡದಾಗುತ್ತದೆ, ಇಂಜೆಕ್ಷನ್ನಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಆದ್ದರಿಂದ ಜೀನಿನ ಈ ಬದಲಾವಣೆ ಇರುವ ಮನೆಗಳಲ್ಲಿ ಮಕ್ಕಳ ಎತ್ತರವನ್ನು ಚಿಕ್ಕಂದಿನಿಂದಲೇ ವರ್ಷ ವರ್ಷ ಅಳೆದು ಬರೆದಿಡುತ್ತಾರೆ. ಐಜಿಎಫ್-1 ನೋಡುತ್ತಾರೆ, ಬೇಕೆನಿಸಿದರೆ ಎಂಆರ್‌ಐ ಮಾಡಿಸುತ್ತಾರೆ. ಹೀಗೆ ಮೊದಲೇ ಹುಡುಕಿ ಕಂಡುಹಿಡಿದ ಗೆಡ್ಡೆಗಳು, ತೊಂದರೆ ಕೊಟ್ಟ ಮೇಲೆ ಗೊತ್ತಾದ ಗೆಡ್ಡೆಗಳಿಗಿಂತ ಚಿಕ್ಕವಾಗಿರುತ್ತವೆ. ಚಿಕ್ಕದಿರುವಾಗ ಸಿಕ್ಕಿದರೆ ಆಪರೇಷನ್ನಿನಲ್ಲಿ ಪೂರ್ತಿ ತೆಗೆಯುವುದು ಸುಲಭ, ಎಲುಬಿನ ತುದಿಗಳು ಇನ್ನೂ ಮುಚ್ಚದ ಮಗು ಮತ್ತೆ ಓರಗೆಯವರ ಹಾಗೆಯೇ ಬೆಳೆಯುತ್ತದೆ.